ಪೇಜ್ ಹೋಯಿತು, ಫೋನ್ ಬರಲಿಲ್ಲ

1998ರಲ್ಲಿ ನಾನು ನ್ಯೂಜೆರ್ಸಿಯ ಒಂದು ಅಲಾರಂ ಮಾನಿಟರಿಂಗ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ "ಅದೇನು ಕೆಲಸನೋ?" ಅಂತ ಕೇಳುತ್ತಿದ್ದರು. "ಗೂರ್ಖಾ ಕೆಲಸ ಅಮ್ಮ, ಆದರೆ ಕೂತಲ್ಲೇ" ಅನ್ನುತ್ತಿದ್ದೆ.

ಅಂಗಡಿಯಲ್ಲಿರುವ ಅಲಾರಂ ಡಬ್ಬಿ ತಾನೇ ಫೋನ್ ಹಚ್ಚಿ ನಮಗೆ ಮೂರಂಕಿಯ ಕೋಡ್ ಕಳಿಸುತ್ತಿತ್ತು. 110 ಬೆಂಕಿ, 130 ಕಳ್ಳತನ, 302 ಬ್ಯಾಟರಿ ಇಳಿದಿದೆ. ಬೆಂಕಿ, ಕಳ್ಳತನ ಆದರೆ ಹೇಗೋ ನಡೆಯುತ್ತದೆ, ಫೈರ್ ಇಂಜಿನ್ ಇದೆ, ಪೊಲೀಸರಿದ್ದಾರೆ. ತಲೆನೋವು 158ರದ್ದು. ಫ್ರೀಜರ್ ಬಿಸಿಯಾಗುತ್ತಿದೆ ಅಂತ ಅರ್ಥ. ಅದಕ್ಕೆ ಯಾವ ಪೊಲೀಸ್ ಬರುತ್ತಾನೆ? ಮಾಲೀಕನೇ ಬರಬೇಕು, ಆಗ ಅವನ ಸೊಂಟದಲ್ಲಿರುತ್ತಿದ್ದುದು ಪೇಜರ್. ನಾವು ಕಳಿಸಿದ ನಂಬರನ್ನು ತೋರಿಸುವ ಪುಟ್ಟ ಡಬ್ಬಿ ಅಷ್ಟೇ, ಮಾತಾಡಲು ಅವನು ಬೇರೆ ಫೋನ್ ಹುಡುಕಬೇಕು.

ಪೇಜರ್ ನಂಬರಿಗೆ ಡಯಲ್ ಮಾಡಬೇಕು, ಬೀಪ್ ಕೇಳಿದ ಮೇಲೆ ನಮ್ಮ ನಂಬರ್ ಒತ್ತಬೇಕು, ಅದರ ಹಿಂದೆ ಅವನ ಅಕೌಂಟ್ ನಂಬರ್, ತೀರಾ ಅರ್ಜೆಂಟ್ ಆದರೆ 911, ಕೊನೆಗೆ ಹ್ಯಾಶ್. ಅಕೌಂಟ್ ನಂಬರ್ ಒತ್ತುವುದನ್ನು ಮರೆತಿರೋ, ಅನುಭವಿಸಿ. ಯಾವುದೋ ಬೀದಿಯ ಕಾಯಿನ್ ಫೋನಿನಿಂದ, ಬಸ್ಸಿನ ಸದ್ದಿನ ನಡುವೆ, "ಯಾರೋ ನನಗೆ ಪೇಜ್ ಮಾಡಿದ್ರಲ್ಲಾ" ಅಂತ ಒಬ್ಬ ಕೂಗುತ್ತಾನೆ. ಯಾರು ಅಂತ ಅವನಿಗೂ ಗೊತ್ತಿಲ್ಲ, ಫೋನ್ ಎತ್ತಿದ ನಮಗೂ ಗೊತ್ತಿಲ್ಲ. ಗೊತ್ತಾದರೂ ಪಾಸ್‌ವರ್ಡ್ ಹೇಳುವ ತನಕ ಬಾಯಿ ಬಿಡುವಂತಿಲ್ಲ. ಒಬ್ಬ ಪುಣ್ಯಾತ್ಮ ನಾಯಿಯ ಹೆಸರು, ಹೆಂಡತಿಯ ಹೆಸರು, ಹಳೇ ನಾಯಿಯ ಹೆಸರು ಎಲ್ಲ ಹೇಳಿ ನೋಡಿದ. ಅಷ್ಟರಲ್ಲಿ ಚಿಲ್ಲರೆ ಮುಗಿದು ಲೈನ್ ಕಟ್.

ಮೇ 19ರ ರಾತ್ರಿ ಮಾತ್ರ ಈ ಗಲಾಟೆಯೇ ಇರಲಿಲ್ಲ. ಯಾರೂ ವಾಪಸ್ ಫೋನ್ ಮಾಡುತ್ತಿಲ್ಲ. ಮೊದಲು ಆರಾಮ ಅನ್ನಿಸಿತು, ಸುಳ್ಳೇಕೆ ಹೇಳಲಿ. ಒಂದು ಐಸ್‌ಕ್ರೀಮ್ ಅಂಗಡಿಯಿಂದ 158 ಬಂತು. ಪೇಜ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ, ಈ ಸಲ 911 ಸೇರಿಸಿ. ಮೂರನೇ ಸಲವೂ ಮಾಡಿದೆ. ಪ್ರತಿ ಸಲವೂ ಬೀಪ್ ಸರಿಯಾಗಿಯೇ ಕೇಳಿತು. ಆ ಅಂಗಡಿಯ ಬಗ್ಗೆ ಯಾರಿಗೆ ತಿಳಿಸಬೇಕು ಅನ್ನುವ ಲಿಸ್ಟಿನಲ್ಲಿದ್ದ ಎರಡನೇ ಹೆಸರಿನ ಮುಂದೆಯೂ ಪೇಜರ್ ನಂಬರೇ. ಆಮೇಲೆ ಯಾರೋ ಟಿವಿ ನೋಡಿ ಬಂದು ಹೇಳಿದರು: ಪೇಜ್‌ಗಳನ್ನು ಸಾಗಿಸುವ ಗ್ಯಾಲಕ್ಸಿ 4 ಅನ್ನುವ ಉಪಗ್ರಹ ದಿಕ್ಕು ತಪ್ಪಿದೆ, ಅಮೆರಿಕದ ಸುಮಾರು 4 ಕೋಟಿ ಪೇಜರ್ ಸತ್ತು ಕೂತಿವೆ.

ಬೀಪ್ ಕೇಳಿತು ಅಂದರೆ ಪೇಜಿಂಗ್ ಕಂಪನಿಯ ಕಂಪ್ಯೂಟರಿಗೆ ನಂಬರ್ ಮುಟ್ಟಿತು, ಅಷ್ಟೇ. ಅಲ್ಲಿಂದಾಚೆಗೆ ಏನಾಯಿತು ಅಂತ ನಮ್ಮ ಕಡೆಗೆ ಒಂದು ಸುದ್ದಿಯೂ ಬರುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು, ಆದರೂ ಲಾಗ್‌ನಲ್ಲಿ ಮೂರು ಸಲ "ತಿಳಿಸಲಾಗಿದೆ" ಅಂತ ಬರೆದಿದ್ದೆ. ನಾಚಿಕೆಯಾಯಿತು. ಹೊಡೆದು ಹಾಕಿ "ಪೇಜ್ ಕಳಿಸಿದೆ, ಫೋನ್ ಬಂದಿಲ್ಲ" ಅಂತ ಬರೆದೆ. ಸೂಪರ್‌ವೈಸರ್ ಮುಖ ಸಿಂಡರಿಸಿದ, ಬರೆಯುವುದಾದರೆ ಬರೆದುಕೋ ಅಂದ.

ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಮಾಲೀಕ ಫೋನ್ ಮಾಡಿದ. ಫ್ರೀಜರಿನಲ್ಲಿ ಬರೀ ಸಿಹಿ ನೀರು. ಬೈದ, ಕೇಳಿಸಿಕೊಂಡೆ. ಕೊನೆಗೆ ಲಿಸ್ಟ್ ಬದಲಾಯಿಸಲು ಹೇಳಿದ. ಇನ್ನು ಮೇಲೆ ಮೊದಲ ನಂಬರ್ ಅವನ ಅತ್ತೆ ಮನೆಯದು. "ಫೋನ್ ಎಷ್ಟು ಹೊತ್ತಿಗೆ ಬೇಕಾದರೂ ಮಾಡಿ, ಅವರು ಮಲಗುವುದೇ ಇಲ್ಲ" ಅಂದ.