ಮೂರು ಗ್ಲಾಸು, ಒಂದೇ ಮೂಲೆ

ಆಷಾಢದ ಒಂದು ಬೆಳಿಗ್ಗೆ. ನಾನು ಅಂಗಡಿ ಶಟರ್ ಎತ್ತುವ ಮೊದಲೇ ಒಂದು ಬಿಳಿ ಓಮ್ನಿ ಬಂದು ನಿಂತಿತ್ತು. ಹಿಂದೆ ಖಾಲಿ ಟೊಮೇಟೊ ಕ್ರೇಟುಗಳು. ಮುಂದಿನ ಗ್ಲಾಸಿನ ಎಡಗಡೆ ಕೆಳ ಮೂಲೆಯಿಂದ ಒಂದು ಬಿರುಕು ಎದ್ದು, ವೈಪರ್ ದಾಟಿ, ನಡುವಿನವರೆಗೆ ಹಬ್ಬಿತ್ತು. ಬಿರುಕು ಹುಟ್ಟಿದ ಜಾಗದ ಮೇಲೆ ದೇವರ ಸ್ಟಿಕರ್ ಅಂಟಿಸಿದ್ದರು.

ಗಾಡಿಯವರು ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಶ್ರೀನಿವಾಸಪುರದ ಕಡೆಯ ರೈತರು. ತಮ್ಮ ಟೊಮೇಟೊ ಜೊತೆಗೆ ಅಕ್ಕಪಕ್ಕದ ಹೊಲದವರದ್ದನ್ನೂ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ತರುತ್ತಾರೆ.

“ನೋಡಪ್ಪಾ, ಇದು ಮೂರನೇ ಗ್ಲಾಸು. ಎರಡು ವರ್ಷ ಇನ್ನೂ ತುಂಬಿಲ್ಲ. ಎಲ್ಲಾ ಜಲ್ಲಿ ಲಾರಿಗಳ ಹಾವಳಿ. ಬೇಗ ಒಂದು ಹಾಕಿಕೊಡು, ಮಧ್ಯಾಹ್ನಕ್ಕೆ ಲೋಡ್ ಇದೆ” ಅಂದರು.

ನಾನು ಕೋಲಾರದಲ್ಲಿ ಗಾಡಿ ಗ್ಲಾಸಿನ ಕೆಲಸ ಹಿಡಿದು 19 ವರ್ಷ ಆಯಿತು. ಗ್ಲಾಸು ಯಾಕೆ ಒಡೆಯಿತು ಅಂತ ಗೊತ್ತಾಗುವವರೆಗೆ ಹೊಸದನ್ನು ಕೈಗೆತ್ತಿಕೊಳ್ಳುವುದಿಲ್ಲ. ಕೆಲಸ ಕಲಿಸಿದ ಗುರುಗಳು ಹಾಕಿಕೊಟ್ಟ ಅಭ್ಯಾಸ ಅದು. ಸ್ಟಿಕರನ್ನು ನಿಧಾನವಾಗಿ ಬಿಡಿಸಿ ಅವರ ಕೈಗೇ ಕೊಟ್ಟೆ. ಬಿರುಕಿನ ಉದ್ದಕ್ಕೂ ಉಗುರು ಆಡಿಸಿದೆ. ಕಲ್ಲು ಬಿದ್ದ ಗ್ಲಾಸಿನಲ್ಲಿ ಎಲ್ಲೋ ಒಂದು ಕಡೆ ಉಗುರು ಸಿಕ್ಕಿಕೊಳ್ಳುತ್ತದೆ. ಸಾಸಿವೆ ಕಾಳಿನಷ್ಟಾದರೂ ಒಂದು ಗುಳಿ ಇರುತ್ತದೆ. ಇದರಲ್ಲಿ ಇರಲಿಲ್ಲ. ಬಿರುಕು ಬೀಡಿಂಗ್ ಒಳಗಿನಿಂದ, ಅಂದರೆ ಗ್ಲಾಸಿನ ಸುತ್ತ ಹಿಡಿದಿರುವ ರಬ್ಬರ್ ಪಟ್ಟಿಯೊಳಗಿನಿಂದ, ಗ್ಲಾಸಿನ ಅಂಚಿನಿಂದಲೇ ನೆಟ್ಟಗೆ ಹೊರಟಿತ್ತು.

“ಅಣ್ಣಾ, ಹೋದ ಎರಡು ಸಲ ಎಲ್ಲಿಂದ ಒಡೆದಿತ್ತು?”

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಇದೇ ಮೂಲೆ” ಅಂದರು.

ಮೂರು ಕಲ್ಲು ಹುಡುಕಿಕೊಂಡು ಬಂದು ಒಂದೇ ಮೂಲೆಗೆ ಬೀಳುವುದಿಲ್ಲ ಅಲ್ವಾ?

ಹಾಗಂತ ಜಲ್ಲಿ ಲಾರಿಗಳ ಮೇಲೆ ಅವರಿಗಿದ್ದ ಸಿಟ್ಟು ಸುಳ್ಳಲ್ಲ. ಟೇಕಲ್ ಕಡೆಯ ಕ್ವಾರಿಗಳಿಂದ ಬರುವ ಟಿಪ್ಪರ್‌ಗಳಿಗೆ ಎಷ್ಟೋ ಸಲ ಟಾರ್ಪಾಲ್ ಹೊದಿಸಿರುವುದಿಲ್ಲ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಕಲ್ಲೇಟು ತಿಂದವೇ ಜಾಸ್ತಿ. ಅದರಲ್ಲೂ ಓಮ್ನಿಯಂಥ ವ್ಯಾನುಗಳಿಗೆ ಏಟು ಜೋರು. ಕಾರಿನ ಗ್ಲಾಸು ಹಿಂದಕ್ಕೆ ವಾಲಿರುತ್ತದೆ, ಕಲ್ಲು ಬಿದ್ದರೂ ಜಾರಿ ಮೇಲಕ್ಕೆ ಹಾರುವುದುಂಟು. ವ್ಯಾನಿಗೆ ಮುಂದೆ ಉದ್ದನೆಯ ಬಾನೆಟ್ ಇಲ್ಲ. ಗ್ಲಾಸು ಹೆಚ್ಚುಕಡಿಮೆ ಗೋಡೆಯ ಹಾಗೆ ನಿಂತಿರುತ್ತದೆ. ಕಲ್ಲು ನೇರವಾಗಿ ಬಂದು ಬಡಿಯುತ್ತದೆ. ಅದರ ಹಿಂದೆಯೇ ಡ್ರೈವರ್ ಮುಖ.

ಆ ಮುಖವನ್ನು ಕಾಯುವುದು ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಮುಂದಿನ ಗ್ಲಾಸು ಅಂದರೆ ಎರಡು ಗ್ಲಾಸು, ನಡುವೆ ಪಿವಿಬಿ ಅನ್ನುವ ಹಾಳೆ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಒಡೆದರೂ ಚೂರುಗಳು ಆ ಹಾಳೆಗೇ ಕಚ್ಚಿಕೊಂಡಿರುತ್ತವೆ. ಪಕ್ಕದ ಗ್ಲಾಸು ಹಾಗಲ್ಲ, ಒಡೆದರೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಪುಡಿಪುಡಿ. ಅದಕ್ಕೆ ರಿಪೇರಿ ಅನ್ನುವ ಮಾತೇ ಇಲ್ಲ. ಮುಂದಿನದಕ್ಕೆ ಇದೆ, ಯಾಕೆಂದರೆ ಸಣ್ಣ ಕಲ್ಲೇಟು ಹೊರಗಿನ ಗ್ಲಾಸಿನಲ್ಲೇ ನಿಂತಿರುತ್ತದೆ. ಗುಳಿಯ ಮೇಲೆ ಇಂಜೆಕ್ಟರ್ ಕೂರಿಸಿ, ಒಳಗಿನ ಗಾಳಿ ಎಳೆದು, ನೀರಿನಂಥ ರೆಸಿನ್ ತುಂಬಿ, ಯುವಿ ದೀಪ ಹಿಡಿದು ಗಟ್ಟಿ ಮಾಡುತ್ತೇನೆ. ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಹೆರೆದು ಪಾಲಿಶ್ ಹೊಡೆಯುತ್ತೇನೆ. ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವಷ್ಟು ಗುಳಿ, ಅಂಚಿನಿಂದ ದೂರ ಇದ್ದರೆ, ಚೆನ್ನಾಗಿ ಕೂರುತ್ತದೆ.

ಡ್ರೈವರ್ ಕಣ್ಣಿನ ನೇರಕ್ಕೆ ಇದ್ದರೆ ಮಾತ್ರ ನಾನು ರೆಸಿನ್ ಹಾಕುವುದಿಲ್ಲ, ಎಷ್ಟು ಕೇಳಿಕೊಂಡರೂ. ರೆಸಿನ್ ತುಂಬಿದರೂ ಒಂದು ಗುರುತು ಉಳಿದೇ ಉಳಿಯುತ್ತದೆ. ಹಗಲು ಅದು ಕಾಣುವುದಿಲ್ಲ. ರಾತ್ರಿ ಎದುರಿನ ಲಾರಿಯ ಲೈಟು ಅದರ ಮೇಲೆ ಬಿದ್ದರೆ ಬೆಳಕು ಚೆಲ್ಲಾಪಿಲ್ಲಿ. ಬೆಳಗಿನ ಜಾವ ಮೂರು ಗಂಟೆಗೆ ತರಕಾರಿ ತುಂಬಿಕೊಂಡು ಹೈವೇಗೆ ಇಳಿಯುವವರಿಗೆ ಅದು ಚಿಕ್ಕ ವಿಷಯ ಅಲ್ಲ.

ಕಲ್ಲು ಬಿದ್ದ ತಕ್ಷಣ ಅದರ ಮೇಲೆ ಒಂದು ತುಂಡು ಬಿಳಿ ಸೆಲ್ಲೋಟೇಪ್ ಅಂಟಿಸಿ, ಸಾಕು. ಧೂಳು, ನೀರು ಒಳಗೆ ಇಳಿದರೆ ರೆಸಿನ್ ಹಿಡಿಯುವುದಿಲ್ಲ. ಬಿಸಿಲಿನಲ್ಲಿ ಕಾದ ಗ್ಲಾಸಿನ ಮೇಲೆ ತಣ್ಣೀರು ಮಾತ್ರ ಎರಚಬೇಡಿ. ಬೆರಳುದ್ದದ ಬಿರುಕು ಕಣ್ಣೆದುರೇ ಮೊಳದುದ್ದ ಓಡಿದ್ದನ್ನು ನೋಡಿದ್ದೇನೆ.

ಈಗ ಆ ಮೂಲೆಗೆ ಬರುತ್ತೇನೆ.

ಓಮ್ನಿಯ ಗ್ಲಾಸು ಅಂಟಿನ ಮೇಲೆ ನಿಂತಿಲ್ಲ, ರಬ್ಬರ್ ಬೀಡಿಂಗ್ ಮೇಲೆ ನಿಂತಿದೆ. ಆ ರಬ್ಬರಿನಲ್ಲಿ ಎರಡು ಸಂದು. ಒಂದರಲ್ಲಿ ಗ್ಲಾಸು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು. ಬೀಡಿಂಗ್ ಬಿಡಿಸುತ್ತಿದ್ದ ಹಾಗೆ ತುಕ್ಕು ಚಕ್ಕೆಚಕ್ಕೆಯಾಗಿ ಕೈಗೆ ಬಂತು. ಮೂಲೆಯಲ್ಲಿ ತಗಡು ಪದರ ಬಿಟ್ಟು ಊದಿಕೊಂಡಿತ್ತು. ಕಬ್ಬಿಣ ತುಕ್ಕು ಹಿಡಿದರೆ ತೆಳ್ಳಗಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ತುಕ್ಕು ಮೊದಲಿದ್ದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಅದು ಉಬ್ಬಿ ರಬ್ಬರನ್ನು ಒತ್ತುತ್ತಿತ್ತು, ರಬ್ಬರು ಗ್ಲಾಸಿನ ಅಂಚನ್ನು ಒತ್ತುತ್ತಿತ್ತು. ಗ್ಲಾಸಿಗೆ ಅಂಚೇ ಸೂಕ್ಷ್ಮ ಜಾಗ. ಖಾಲಿ ಗಾಡಿ ಓಡುವಾಗ ಹೇಗೋ ತಡೆದುಕೊಳ್ಳುತ್ತಿತ್ತು. 15 ಕೆಜಿಯ ಕ್ರೇಟುಗಳನ್ನು ಮಾಡಿನವರೆಗೆ ಪೇರಿಸಿ, ತೋಟದ ದಾರಿಯ ಹೊಂಡಕ್ಕೆ ಒಂದು ಚಕ್ರ ಇಳಿಸಿದರೆ ಇಡೀ ಬಾಡಿ ತಿರುಚುತ್ತದೆ. ಆಗ ಟಪ್ ಅಂತ ಒಂದು ಸದ್ದು. ಡ್ರೈವರ್‌ಗೆ ಅದು ಕಲ್ಲು ಬಡಿದ ಹಾಗೇ ಕೇಳಿಸುತ್ತದೆ.

ತುಕ್ಕಿನ ಮೇಲೆ ಬಿಳಿ ಸಿಲಿಕಾನ್ ಮೆತ್ತಿತ್ತು. ಮಳೆಯಲ್ಲಿ ನೀರು ಸೋರುತ್ತೆ ಅಂತ ಅಣ್ಣ ಹೇಳಿದ್ದಕ್ಕೆ, ಹೋದ ಸಲ ಬೇರೆ ಊರಲ್ಲಿ ಗ್ಲಾಸು ಹಾಕಿದವರು ಬಳಿದು ಕಳಿಸಿದ್ದರಂತೆ.

“ಹಾಕುವಾಗ ಹುಳಿ ವಾಸನೆ ಬಂದಿತ್ತಾ?” ಅಂತ ಕೇಳಿದೆ.

“ಹೂಂ, ವಿನಿಗರ್ ಥರ. ಎರಡು ದಿನ ಗಾಡಿಯೊಳಗೆ ಅದೇ ವಾಸನೆ.”

ಬಚ್ಚಲು, ಕಿಟಕಿಗೆ ಹಾಕುವ ಸಿಲಿಕಾನ್ ಅದು. ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಟೈಲ್ಸಿಗೆ ಏನೂ ಆಗುವುದಿಲ್ಲ. ಬಣ್ಣ ಹೋದ ಬರೀ ತಗಡಿಗೆ ಅದು ಹುಳಿ ಹಿಂಡಿದ ಹಾಗೆ. ಮೊದಲೇ ಹಿಡಿದಿದ್ದ ತುಕ್ಕು ಇನ್ನೂ ಜೋರಾಯಿತು. ಮೇಲೆ ಮುಚ್ಚಳ ಬೇರೆ ಬಿತ್ತು, ಒಳಗೆ ನಿಂತ ನೀರು ಆರಲಿಲ್ಲ. ನಿಜ ಹೇಳಬೇಕು ಅಂದರೆ ನನಗೆ ತುಂಬಾ ಸಂಕಟ ಆಯಿತು. ಹತ್ತು ನಿಮಿಷ ಉಳಿಸಲು ಯಾರೋ ಮಾಡಿದ ಕೆಲಸಕ್ಕೆ ಈ ಮನುಷ್ಯ ಒಂದು ಗ್ಲಾಸಿನ ದುಡ್ಡು ಕಳೆದುಕೊಂಡು, ಅದನ್ನೂ ತನ್ನ ಹಣೆಬರಹ ಅಂದುಕೊಂಡಿದ್ದರು.

“ಅಣ್ಣಾ, ಇವತ್ತೇ ಹಾಕಿಕೊಡಬಹುದು. ಆದರೆ ಈ ನಾಲ್ಕನೇದೂ ಒಡೆದು ನೀವು ಮತ್ತೆ ಬರಬೇಕಾಗುತ್ತೆ. ಎರಡು ದಿನ ಗಾಡಿ ಬಿಟ್ಟು ಹೋಗಿ.”

“ಎರಡು ದಿನ ಬಿಟ್ಟರೆ ಹಣ್ಣು ಗಿಡದಲ್ಲೇ ಕಳಿತುಹೋಗುತ್ತಪ್ಪಾ.”

ಅದೂ ನಿಜವೇ. ಟೊಮೇಟೊ ಯಾರಿಗೂ ಕಾಯುವುದಿಲ್ಲ. ಅವರು ಫೋನ್ ಹಿಡಿದು ಹೊರಗೆ ಹೋದರು. ತೆಲುಗಿನಲ್ಲಿ ಯಾರ ಜೊತೆಗೋ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದು ಕೀ ನನ್ನ ಟೇಬಲ್ ಮೇಲೆ ಇಟ್ಟು, “ಭಾವಮೈದುನನ ಗಾಡಿ ಸಿಗುತ್ತೆ. ನೀನು ಸರಿಯಾಗಿ ಮಾಡು” ಅಂದರು.

ಮೊದಲ ದಿನ ಗ್ಲಾಸಿನ ಕೆಲಸವೇ ಇಲ್ಲ. ಪಕ್ಕದ ಬೀದಿಯ ಟಿಂಕರಿಂಗ್ ಭಾಯಿಯನ್ನು ಕರೆಸಿದೆ. ಮೂಲೆಯ ಕೊಳೆತ ತಗಡನ್ನು ಕತ್ತರಿಸಿ, ಅಂಗೈ ಅಗಲದ ಹೊಸ ತುಂಡು ಕೂರಿಸಿ ವೆಲ್ಡ್ ಮಾಡಿದರು. ಉಳಿದ ಅಂಚನ್ನೆಲ್ಲ ನಾನು ವೈರ್ ಬ್ರಷ್ ಹಾಕಿ ಉಜ್ಜಿದೆ, ಎಮೆರಿ ಕಾಗದ ಹಾಕಿದೆ, ಹೊಳಪು ಕಾಣುವವರೆಗೆ. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಎರಡು ಕೈ. ರಾತ್ರಿಯೆಲ್ಲ ಆರಲು ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಪೇಂಟ್. ಇದೆಲ್ಲ ಬೀಡಿಂಗ್ ಒಳಗೆ ಮುಚ್ಚಿಹೋಗುವ ಕೆಲಸ. ಗಿರಾಕಿಗೆ ಯಾವತ್ತೂ ಕಾಣುವುದಿಲ್ಲ. ನನಗೆ ಬಹಳ ಇಷ್ಟದ ಕೆಲಸ ಇದು.

ಬೀಡಿಂಗ್ ಹೊಸದೇ ಹಾಕಿದೆ. ಹಳೆಯದನ್ನೇ ಹಾಕಿ ಅಂತ ತುಂಬಾ ಜನ ಕೇಳುತ್ತಾರೆ. ಬಿಸಿಲಿಗೆ ಗಟ್ಟಿಯಾದ ರಬ್ಬರು ಗ್ಲಾಸನ್ನು ಹಿಡಿಯುವುದಿಲ್ಲ, ನೀರನ್ನೂ ತಡೆಯುವುದಿಲ್ಲ. ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ, ಅದರ ಗ್ಲಾಸು, ಬೀಡಿಂಗ್ ಸಿಗುತ್ತವೆ. ಕೊಳ್ಳುವಾಗ ಗ್ಲಾಸಿನ ಮೂಲೆಯ ಮುದ್ರೆ ನೋಡಿ. ಐಎಸ್‌ಐ ಗುರುತು, ಐಎಸ್ 2553 ಅನ್ನುವ ನಂಬರು, ಲ್ಯಾಮಿನೇಟೆಡ್ ಅನ್ನುವ ಪದ ಇರಬೇಕು.

ಇನ್ನು ದಾರದ ಕೆಲಸ. ಬೀಡಿಂಗನ್ನು ಗ್ಲಾಸಿನ ಸುತ್ತ ತೊಡಿಸುತ್ತೇನೆ. ತಗಡು ಕೂರುವ ಸಂದಿನಲ್ಲಿ ಸುತ್ತಲೂ ಒಂದು ಗಟ್ಟಿ ನೈಲಾನ್ ದಾರ ಹಾಕಿ, ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ದಾಟಿಸಿ ಬಿಡುತ್ತೇನೆ. ಅಂಚಿಗೆಲ್ಲ ಸೋಪಿನ ನೀರು. ಎಣ್ಣೆ ಹಚ್ಚಬಾರದು, ರಬ್ಬರು ಊದಿಕೊಂಡು ಹಾಳಾಗುತ್ತದೆ. ಹುಡುಗ ಹೊರಗಿನಿಂದ ಗ್ಲಾಸನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಾನೆ. ನಾನು ಒಳಗೆ ಕೂತು ದಾರ ಎಳೆಯುತ್ತೇನೆ. ದಾರ ಬರುತ್ತಿದ್ದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ಹಾರಿ ಒಳಗೆ ಬಂದು ಕೂರುತ್ತದೆ. ನಾನು ಎಳೆಯುವ ಜಾಗಕ್ಕೆ ಸರಿಯಾಗಿ ಹುಡುಗ ಹೊರಗಿನಿಂದ ಅಂಗೈಯಲ್ಲಿ ತಟ್ಟಬೇಕು. ಇಬ್ಬರ ಕೈ ಒಂದೇ ತಾಳಕ್ಕೆ ಬರಬೇಕು. ಮೂಲೆಗೆ ಬಂದಾಗ ಅವಸರ ಮಾಡಿದರೆ ಹೊಸ ಗ್ಲಾಸೇ ಬಿರುಕು ಬಿಡುತ್ತದೆ. ಆ ಎಡ ಮೂಲೆಗೆ ಬಂದಾಗ ನಾನು ಉಸಿರು ಹಿಡಿದುಕೊಂಡಿದ್ದೆ. ತುಟಿ ಸದ್ದಿಲ್ಲದೆ ಜಾರಿ ಕೂತಿತು.

ಅಂಟಿನ ಮೇಲೆ ನಿಲ್ಲುವ ಗ್ಲಾಸಿನ ವ್ಯಾನುಗಳದ್ದು ಬೇರೆ ಕೆಲಸ. ಅಲ್ಲಿ ಹಳೆ ಅಂಟನ್ನು ತಂತಿಯಿಂದ ಕೊಯ್ದು, ಪ್ರೈಮರ್ ಹಚ್ಚಿ, ಪಿಯು (ಪಾಲಿಯುರೆಥೇನ್) ಸೀಲೆಂಟ್ ಅನ್ನುವ ಅಂಟು ಎಳೆಯುತ್ತೇವೆ. ಅದು ಗಾಳಿಯಲ್ಲಿನ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕೋಲಾರದ ಒಣ ಗಾಳಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಅಂಟು ಹಸಿಯಿದ್ದಾಗ ಎಲ್ಲಾ ಕಿಟಕಿ ಮುಚ್ಚಿ ಬಾಗಿಲು ಧಡಾರ್ ಅಂತ ಹಾಕಿದರೆ ಒಳಗಿನ ಗಾಳಿಯೇ ಗ್ಲಾಸನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಒಂದು ಕಿಟಕಿ ಸ್ವಲ್ಪ ಇಳಿಸಿರಿ ಅಂತ ಹೇಳುವುದು. ಅಲ್ಲೂ ತುಕ್ಕಿನ ಮೇಲೆ ಅಂಟು ಹಾಕಿದರೆ ಅಂಟು ಹಿಡಿಯುವುದು ತುಕ್ಕನ್ನು, ಗಾಡಿಯನ್ನಲ್ಲ.

ಸಂಜೆ ಅಣ್ಣ ಬಂದರು. ಇನ್ಶೂರೆನ್ಸ್ ಇದೆಯಾ ಅಂತ ಕೇಳಿದೆ. ಥರ್ಡ್ ಪಾರ್ಟಿ ಮಾತ್ರ ಇತ್ತು. ಅದರಲ್ಲಿ ನಮ್ಮ ಗ್ಲಾಸಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇರುವವರಿಗೆ ಗ್ಲಾಸಿನ ಮೇಲೆ ಸವಕಳಿ ಕಡಿತ ಇಲ್ಲ, ರಬ್ಬರ್ ಬೀಡಿಂಗ್‌ಗೆ ಮಾತ್ರ 50% ಕಡಿಯುತ್ತಾರೆ. ಆದರೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷದ ನಂತರ 20% ಇಂದ ಶುರುವಾಗಿ 50% ವರೆಗೆ ಬೆಳೆಯುವ ರಿಯಾಯಿತಿ. ಎರಡನ್ನೂ ತೂಗಿ ನೋಡಿ ಕ್ಲೇಮ್ ಮಾಡಿ. ಅಣ್ಣನ ಗಾಡಿಗೆ ಎಂಟು ವರ್ಷ ದಾಟಿದೆ, ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೇ ಅನ್ನುವ ಸರ್ಕಾರಿ ತಪಾಸಣೆ. ಬಿರುಕು ಬಿಟ್ಟ ಗ್ಲಾಸು ಹಾಕಿಕೊಂಡು ಅಲ್ಲಿಗೆ ಹೋಗುವ ಹಾಗಿಲ್ಲ. ಫಾಸ್ಟ್ಯಾಗ್ ಬಗ್ಗೆಯೂ ಹೇಳಿದೆ. ಹಳೆ ಗ್ಲಾಸಿನಿಂದ ಕಿತ್ತ ಟ್ಯಾಗ್ ಮತ್ತೆ ಕೆಲಸ ಮಾಡುವುದಿಲ್ಲ, ಹೊಸದು ಮಾಡಿಸಿಕೊಂಡೇ ಹೊಸಕೋಟೆ ಟೋಲ್ ಕಡೆ ಹೋಗಬೇಕು.

ಕೊನೆಗೆ ನೀರಿನ ಪರೀಕ್ಷೆ. ಡ್ಯಾಶ್‌ಬೋರ್ಡ್ ಕೆಳಗೆ, ಎಡಗಡೆ, ಒಂದು ಹಳೆ ದಿನಪತ್ರಿಕೆ ಹಾಸಿದೆ. ಪೈಪಿನಿಂದ ಗ್ಲಾಸಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟೆ. ಅಣ್ಣ ಒಳಗೆ ಬಗ್ಗಿ ಕಾಗದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಒಂದು ಹನಿಯೂ ಬೀಳಲಿಲ್ಲ. ನಾನು ತೆಗೆದುಕೊಟ್ಟಿದ್ದ ದೇವರ ಸ್ಟಿಕರ್ ಅಂಟು ಹೋಗಿತ್ತು. ಅದನ್ನು ಜೇಬಿನಿಂದ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಒರಗಿಸಿಟ್ಟು ಹೊರಟರು.

ಹಿಂಗಾರು ಮಳೆ ಶುರುವಾದ ಮೇಲೆ ಒಂದು ಸಂಜೆ, ಜೋರು ಮಳೆಯಲ್ಲಿ, ಅದೇ ಓಮ್ನಿ ಅಂಗಡಿ ಮುಂದೆ ಬಂದು ನಿಂತು ಹಾರ್ನ್ ಹೊಡೆಯಿತು. ತುಂಬಿದ ಲೋಡ್. ನನಗೆ ಎದೆ ಧಸಕ್ ಅಂತು. ಛತ್ರಿ ಹಿಡಿದು ಓಡಿದೆ. ಅಣ್ಣ ಎಡಗಡೆ ಬಾಗಿಲು ತೆರೆದು, “ಕೈ ಹಾಕಿ ನೋಡು” ಅಂದರು. ಆಷಾಢದಲ್ಲಿ ನಾನು ಹಾಸಿದ್ದ ಅದೇ ಪತ್ರಿಕೆ ಅಲ್ಲೇ ಇತ್ತು. ಮಣ್ಣಾಗಿತ್ತು, ಅಂಚು ಹರಿದಿತ್ತು. ಮುಟ್ಟಿದರೆ ಗರಿಗರಿ ಒಣಗಿತ್ತು.