ಸ್ಕ್ವಾಟ್‌ನಲ್ಲಿ ಸೊಂಟ ನೋವು: ಯಾವ ಹಂತದಲ್ಲಿ ಹಿಡಿಯುತ್ತದೆ ಎಂದು ಮೊದಲು ಕೇಳಿ

ಬಾರ್ಬೆಲ್ ಸ್ಕ್ವಾಟ್ (ತೂಕ ಹಾಕಿದ ರಾಡನ್ನು ಹೆಗಲ ಮೇಲಿಟ್ಟು ಕೂತು ಏಳುವ ವ್ಯಾಯಾಮ) ಮಾಡುವಾಗ ಸೊಂಟ ನೋಯುತ್ತದೆ ಎಂದು ಯಾರಾದರೂ ಬಂದರೆ, ತರಬೇತಿ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವೆಯ್ಟ್ ಹಾಕಿದ್ರಿ?’ ಎಂಬುದಲ್ಲ. ನೋವು ಯಾವ ಹಂತದಲ್ಲಿ ಬರುತ್ತದೆ? ಪೂರ್ತಿ ಕೂತಾಗಲೋ, ಏಳುವಾಗಲೋ, ನೆಟ್ಟಗೆ ನಿಂತ ಮೇಲೋ ಅಥವಾ ಮರುದಿನ ಹಾಸಿಗೆ ಬಿಡುವಾಗಲೋ? ಇದನ್ನು ಕೇಳದೆ ಎಲ್ಲರಿಗೂ ಬೆಲ್ಟ್ ಕಟ್ಟಿಸಿ ಕಳಿಸುವುದು ನಮ್ಮ ಕೆಲಸದಲ್ಲಿ ಸಲ್ಲದು.

ತಳದಲ್ಲಿ ನೋವು ಬರುವವರನ್ನು ಪಕ್ಕದಿಂದ ನೋಡಿ. ಕೂರುತ್ತಾ ಹೋದಂತೆ ಒಂದು ಹಂತದಲ್ಲಿ ಬಾಲದ ಮೂಳೆ ಒಳಕ್ಕೆ ಸರಿದು ಕೆಳಬೆನ್ನು ಗುಂಡಗಾಗುತ್ತದೆ. ಜಿಮ್‌ನವರು ಇದನ್ನು ಬಟ್ ವಿಂಕ್ ಎನ್ನುತ್ತಾರೆ. ಸ್ವಲ್ಪ ಮಟ್ಟಿಗೆ ಇದು ಎಲ್ಲರಲ್ಲೂ ಇದ್ದದ್ದೇ, ದೋಷವಲ್ಲ. ಹೆಗಲ ಮೇಲೆ ಭಾರವಿದ್ದಾಗ ಪ್ರತಿ ರೆಪ್‌ಗೂ (ಒಮ್ಮೆ ಕೂತು ಎದ್ದರೆ ಒಂದು ರೆಪ್) ಬೆನ್ನು ಮಡಚಿ ಬಿಚ್ಚುತ್ತಿದ್ದು, ನೋವೂ ಅದೇ ಜಾಗದಲ್ಲಿ ಬರುತ್ತಿದ್ದರೆ ಮಾತ್ರ ಸರಿಪಡಿಸಬೇಕು. ಫೋನನ್ನು ಸೊಂಟದ ಎತ್ತರಕ್ಕೆ, ನೇರ ಪಕ್ಕದಲ್ಲಿಟ್ಟು ವಿಡಿಯೊ ತೆಗೆಯಿರಿ. ಬೆನ್ನು ಮಡಚಲು ಶುರುವಾಗುವ ಜಾಗಕ್ಕಿಂತ 3-4 ಸೆ.ಮೀ. ಮೇಲೆ ನಿಲ್ಲುವಂತೆ ಹಿಂದೆ ಬೆಂಚ್ ಇಟ್ಟುಕೊಳ್ಳಿ. ಬೆಂಚ್ ಮೇಲೆ ದೊಪ್ಪೆಂದು ಕೂರಬಾರದು, ತಾಗಿದ ಕೂಡಲೇ ಏಳಬೇಕು.

ಇಷ್ಟು ಬೇಗ ಮಡಚುವುದಕ್ಕೆ ಬೆನ್ನೇ ಕಾರಣವಾಗಿರಬೇಕಿಲ್ಲ. ಎಷ್ಟೋ ಸಲ ಪಾದದ ಕೀಲು ಬಿಗಿಯಾಗಿರುತ್ತದೆ. ಗೋಡೆಯಿಂದ 10 ಸೆ.ಮೀ. ದೂರದಲ್ಲಿ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ನೋಡಿ. ಎರಡೂ ಕಾಲಲ್ಲಿ ಪರೀಕ್ಷಿಸಿ, ಏಕೆಂದರೆ ಹಿಂದೆ ಕಾಲು ಉಳುಕಿದ್ದವರಿಗೆ ಒಂದು ಕಡೆ ಮಾತ್ರ ಬಿಗಿತ ಉಳಿದಿರಬಹುದು. ತಾಗದಿದ್ದರೆ ಮೀನಖಂಡವನ್ನು ದಿನವೂ ಹಿಗ್ಗಿಸಿ. ಅಲ್ಲಿಯವರೆಗೆ ಹಿಮ್ಮಡಿ ಎತ್ತರವಿರುವ ಲಿಫ್ಟಿಂಗ್ ಶೂ ಹಾಕಿ, ಇಲ್ಲವೇ ಹಿಮ್ಮಡಿಯ ಕೆಳಗೆ ತೆಳ್ಳನೆಯ 2.5 ಕೆಜಿ ಪ್ಲೇಟ್ ಇಡಿ. ಮೆತ್ತನೆಯ ರನ್ನಿಂಗ್ ಶೂ ಬೇಡ, ಭಾರ ಬಿದ್ದಾಗ ಅದು ಕುಗ್ಗಿ ಪಾದ ಓಲಾಡುತ್ತದೆ. ಇನ್ನು ಕಾಲಿನ ಅಂತರ. ಭುಜದಗಲಕ್ಕಿಂತ ಸ್ವಲ್ಪ ಅಗಲಿಸಿ, ಪಾದವನ್ನು 15ರಿಂದ 30 ಡಿಗ್ರಿ ಹೊರಕ್ಕೆ ತಿರುಗಿಸಿದರೆ ಹಲವರಿಗೆ ತೊಡೆಯ ಕೀಲಿಗೆ ಜಾಗ ಸಿಕ್ಕಿ, ಬೆನ್ನು ಮಡಚದೆ ಇನ್ನಷ್ಟು ಕೆಳಗೆ ಹೋಗಲು ಆಗುತ್ತದೆ. ಕೀಲಿನ ಆಕಾರ ಒಬ್ಬೊಬ್ಬರಿಗೆ ಒಂದೊಂದು ರೀತಿ. ಆದ್ದರಿಂದ ಪಕ್ಕದವರ ನಿಲುವನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಏಳುವಾಗ ನೋವು ಬಂದರೆ ಕಾರಣ ಬೇರೆ. ಪೃಷ್ಠ ಮೊದಲು ಮೇಲೆದ್ದು, ಎದೆ ಅಲ್ಲೇ ಉಳಿದು, ಮಂಡಿ ನೆಟ್ಟಗಾದ ಮೇಲೆ ಉಳಿದ ಭಾರವೆಲ್ಲ ಕೆಳಬೆನ್ನಿನ ಪಾಲಿಗೆ ಬರುತ್ತದೆ. ತೊಡೆಯ ಶಕ್ತಿಗೆ ಮೀರಿದ ವೆಯ್ಟ್, ಕಾಲ್ಬೆರಳ ಕಡೆಗೆ ಜಾರಿದ ತೂಕ, ಸಡಿಲ ಬಿಟ್ಟ ಮೇಲ್ಬೆನ್ನು, ಈ ಮೂರರಲ್ಲಿ ಸಾಮಾನ್ಯವಾಗಿ ಒಂದಂತೂ ಇರುತ್ತದೆ. ವೆಯ್ಟ್ ಇಳಿಸಿ, 3 ಸೆಕೆಂಡಿನಲ್ಲಿ ನಿಧಾನವಾಗಿ ಕೂತು, ತಳದಲ್ಲಿ 2 ಸೆಕೆಂಡ್ ತಡೆದು ಏಳಿ. ರಾಡನ್ನು ಹೆಗಲಿಗೆ ಬಿಗಿಯಾಗಿ ಎಳೆದುಕೊಳ್ಳಿ.

ನೆಟ್ಟಗೆ ನಿಂತಾಗ ಚುಚ್ಚುವ ನೋವು ಸಾಮಾನ್ಯವಾಗಿ ‘ಎದೆ ಎತ್ತು, ಮೇಲೆ ನೋಡು’ ಎಂಬ ಸೂಚನೆಯನ್ನು ಅತಿಯಾಗಿ ಪಾಲಿಸುವವರಿಗೆ ಬರುತ್ತದೆ. ಅವರ ಸೊಂಟ ಆಗಲೇ ಹಿಂದಕ್ಕೆ ಬಾಗಿರುತ್ತದೆ. ಪಕ್ಕೆಲುಬು ಇಳಿಸಿ, ಪೃಷ್ಠ ಬಿಗಿಹಿಡಿದು ನಿಲ್ಲಿ, ಸಾಕು.

ಉಸಿರಿನ ವಿಷಯ ಎಲ್ಲರಿಗೂ ಅನ್ವಯಿಸುತ್ತದೆ. ಕೂರುವ ಮುನ್ನ ಎದೆಗಲ್ಲ, ಹೊಟ್ಟೆಗೆ ಉಸಿರು ತುಂಬಿ. ಪಕ್ಕೆ ಮತ್ತು ಹಿಂಬದಿ ಕೂಡ ಉಬ್ಬಬೇಕು. ಬಿಗಿಹಿಡಿದು ಕೂತು, ಎದ್ದು ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ಬೆಲ್ಟ್‌ನ ಕೆಲಸ ಈ ಒತ್ತಡಕ್ಕೆ ಎದುರಾಗಿ ನಿಲ್ಲುವುದು ಅಷ್ಟೇ. ಒಳಗೆ ಒತ್ತಡವೇ ಇಲ್ಲದಿದ್ದರೆ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಬಿಪಿ ಇರುವವರು ಉಸಿರು ಕಟ್ಟುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮರುದಿನದ ನೋವಿಗೆ ಉತ್ತರ ಹುಡುಕಲು ಕೊಡಗಿನಲ್ಲಿ ಜಿಮ್‌ನಿಂದ ಹೊರಗೆ ಬರಬೇಕಾಗುತ್ತದೆ. ತೋಟಕ್ಕೆ ಗೊಬ್ಬರ ಹಾಕುವ ದಿನಗಳಲ್ಲಿ 45 ಕೆಜಿ ಯೂರಿಯಾ, 50 ಕೆಜಿ ಪೊಟ್ಯಾಷ್ ಚೀಲಗಳನ್ನು ಜೀಪಿನಿಂದ ಇಳಿಸಿದ ಬೆನ್ನೇ ಸಂಜೆ ರಾಡ್ ಇಡುವ ರ್‍ಯಾಕ್ ಕೆಳಗೆ ಬಂದು ನಿಲ್ಲುತ್ತದೆ. ಕಾಫಿ ಕೊಯ್ಲಿನಲ್ಲಿ ಚೀಲ ಹೊತ್ತವರದ್ದೂ ಇದೇ ಪಾಡು. ಹಾಕಿಯಂತೂ ಇಡೀ ಆಟ ಸೊಂಟ ಬಗ್ಗಿಸಿಯೇ ಆಡುವಂಥದ್ದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಹತ್ತಿರವಾದಂತೆ ಹುಡುಗರು ಬೆಳಿಗ್ಗೆ ಮೈದಾನ, ಸಂಜೆ ಭಾರಿ ಸ್ಕ್ವಾಟ್ ಎಂದು ಎರಡನ್ನೂ ಎಳೆಯುತ್ತಾರೆ. ಆ ವಾರಗಳಲ್ಲಿ ವಾರಕ್ಕೊಂದೇ ದಿನ, 3 ಸೆಟ್ (ಸುತ್ತು), ಸೆಟ್ಟಿಗೆ 5 ರೆಪ್ ಸಾಕು. ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತುವ ವ್ಯಾಯಾಮ) ಅದೇ ದಿನ ಬೇಡ.

ಬೆಳಗಿನ ಐದೂವರೆಗೆ ಬರುವವರಿಗೂ ಒಂದು ಮಾತು. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲಿನ ಒತ್ತಡ ಹೆಚ್ಚು. ಎದ್ದು ಒಂದು ಗಂಟೆಯಾದರೂ ಕಳೆಯಲಿ. ಮಳೆಗಾಲದ ಚಳಿಯಲ್ಲಿ ವಾರ್ಮಪ್ ಇನ್ನೂ ಉದ್ದವಾಗಿರಲಿ. 80 ಕೆಜಿ ಎತ್ತುವವರು ಬರೀ ರಾಡ್‌ನಲ್ಲಿ 8, 40ರಲ್ಲಿ 5, 60ರಲ್ಲಿ 3, 70ರಲ್ಲಿ 1 ರೆಪ್ ಮಾಡಿ ಮುಂದೆ ಹೋಗಲಿ. ರಾಡ್ ರ್‍ಯಾಕ್‌ನಲ್ಲಿ ಎದೆಯ ನಡುಮಟ್ಟಕ್ಕಿರಬೇಕು. ತುದಿಗಾಲಲ್ಲಿ ನಿಂತು ತೆಗೆದರೆ ಮೊದಲ ರೆಪ್‌ಗೂ ಮುನ್ನವೇ ಸೊಂಟ ತಿರುಚಿಕೊಳ್ಳುತ್ತದೆ. ಒಲಿಂಪಿಕ್ ರಾಡ್ 20 ಕೆಜಿ, ಆದರೆ ಎಲ್ಲ ಜಿಮ್‌ನ ರಾಡ್ ಅಷ್ಟೇ ಇರುವುದಿಲ್ಲ, ತೂಗಿ ನೋಡಿ.

ನೋವು ಬಂದ ಮೇಲೆ ಪೂರ್ತಿ ಮಲಗಿಬಿಡುವುದು ತಪ್ಪು. ಪರಿಚಯದವರ ಹತ್ತಿರ ಉಳುಕು ತೆಗೆಸುವುದಾಗಲಿ, ಮಾತ್ರೆ ನುಂಗಿ ನೋವು ಮರೆಸಿ ಎತ್ತುವುದಾಗಲಿ ಅದಕ್ಕಿಂತ ದೊಡ್ಡ ತಪ್ಪು. ನಡೆಯಿರಿ. ಕರ್ಲ್-ಅಪ್ (ಅಂಗಾತ ಮಲಗಿ ತಲೆ, ಹೆಗಲು ಸ್ವಲ್ಪ ಎತ್ತುವುದು), ಸೈಡ್ ಪ್ಲ್ಯಾಂಕ್ (ಒಂದು ಮಗ್ಗುಲಲ್ಲಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು), ಬರ್ಡ್ ಡಾಗ್ (ಅಂಬೆಗಾಲಿನಲ್ಲಿ ಒಂದು ಕೈ, ಎದುರು ಕಾಲು ಚಾಚುವುದು) ಮೂರನ್ನೂ ಪ್ರತಿ ಸಲ 10 ಸೆಕೆಂಡ್ ಹಿಡಿದು, ಒಂದೊಂದನ್ನೂ ಮೂರು ಸೆಟ್‌ನಲ್ಲಿ ಕ್ರಮವಾಗಿ 6, 4, 2 ರೆಪ್‌ನಂತೆ ದಿನವೂ ಮಾಡಿ. ನೋವು ತಗ್ಗಿದ ಮೇಲೆ 8ರಿಂದ 12 ಕೆಜಿ ಡಂಬೆಲ್ ಎದೆಗೆ ಹಿಡಿದು ಬೆಂಚ್‌ವರೆಗೆ ಗೋಬ್ಲೆಟ್ ಸ್ಕ್ವಾಟ್, 8 ರೆಪ್‌ನ 3 ಸೆಟ್. ಹತ್ತಕ್ಕೆ ಮೂರರಷ್ಟು ನೋವು ಇರಬಹುದು, ಆದರೆ ಮರುದಿನ ಬೆಳಿಗ್ಗೆಗೆ ಅದು ಹೆಚ್ಚಿರಬಾರದು. ಆಮೇಲೆ ಬರೀ ರಾಡ್, ನಂತರ ಹಳೆಯ ವೆಯ್ಟ್‌ನ ಅರ್ಧ, ಅಲ್ಲಿಂದ ವಾರಕ್ಕೆ 2.5ರಿಂದ 5 ಕೆಜಿ ಏರಿಸಿ.

ನೋವು ಮಂಡಿಯ ಕೆಳಗೂ ಇಳಿದರೆ, ಕಾಲು ಜೋಮು ಹಿಡಿದರೆ ಜಿಮ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಅದು ತುರ್ತು. ನರದ ಮೇಲಿನ ಒತ್ತಡ ತೆಗೆಯಲು ತಡವಾದಷ್ಟೂ ನರ ಚೇತರಿಸುವುದು ಕಷ್ಟ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಇದೆ, ಮುಂದಿನ ಚಿಕಿತ್ಸೆಗೆ ಅಲ್ಲಿಗೇ ಹೋಗಬೇಕಾಗಬಹುದು. ಬೆಳಗಾಗಲಿ ಎಂದು ಕಾಯದೆ ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.