ಟೈರಿನೊಳಗಿನ ಸೆನ್ಸರ್ ಮಾತು ನಿಲ್ಲಿಸಿದರೆ: ಟೈರ್ ಬಿಚ್ಚುವ ಮುನ್ನ

ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿಯ ಹಳದಿ ದೀಪ ಹತ್ತಿದೆ ಅಂದಕೂಡಲೇ ಟೈರ್ ಅಂಗಡಿಯಲ್ಲಿ ಬರುವ ಮೊದಲ ಮಾತು, "ಸೆನ್ಸರ್ ಹೋಗೇತಿ, ಹೊಸಾದು ಹಾಕ್ಸಿ". ಹೋಗಿರಲೂಬಹುದು. ಆದರೆ ಅದನ್ನು ತಿಳಿಯಬೇಕಾದ್ದು ಟೈರ್ ಬಿಚ್ಚಿದ ಮೇಲಲ್ಲ, ಬಿಚ್ಚುವ ಮೊದಲು. ಹೇಳುವವನು (ಸೆನ್ಸರ್) ಹೇಳುತ್ತಿಲ್ಲವೋ, ಕೇಳುವವನಿಗೆ (ಕಾರಿನ ರಿಸೀವರಿಗೆ) ಕೇಳಿಸುತ್ತಿಲ್ಲವೋ? ಇಡೀ ಪರೀಕ್ಷೆ ಇರುವುದು ಇಷ್ಟಕ್ಕೇ.

ಮೊದಲು ದೀಪವನ್ನೇ ನೋಡಿ. ಮಿಣುಕದೆ ನೇರವಾಗಿ ಹತ್ತಿಕೊಂಡಿದ್ದರೆ ಗಾಳಿ ಕಡಿಮೆ ಎಂದರ್ಥ. ಗೇಜ್ ಹಿಡಿದು ನೋಡಿ, ಗಾಳಿ ಹೊಡೆಸಿ. ಇಗ್ನಿಷನ್ ಹಾಕಿದಾಗ ಒಂದರಿಂದ ಒಂದೂವರೆ ನಿಮಿಷ ಮಿಣುಕಿ, ಆಮೇಲೆ ನಿಂತು ಉರಿದರೆ ತೊಂದರೆ ಗಾಳಿಯದ್ದಲ್ಲ, ವ್ಯವಸ್ಥೆಯದ್ದು. ಇನ್ನೊಂದು ಮಾತು: ಕೆಲವು ಕಾರುಗಳ ಚಕ್ರದಲ್ಲಿ ಸೆನ್ಸರೇ ಇರುವುದಿಲ್ಲ. ಎಬಿಎಸ್‌ನ ಚಕ್ರವೇಗದ ಲೆಕ್ಕದಿಂದ ಗಾಳಿ ಇಳಿದದ್ದನ್ನು ಊಹಿಸುತ್ತವೆ. ಅಲ್ಲಿ ಗಾಳಿ ಸರಿ ಮಾಡಿ ರಿಸೆಟ್ ಒತ್ತಿದರೆ ಮುಗಿಯಿತು, ವೈರ್‌ಲೆಸ್ ಹುಡುಕುತ್ತ ಕೂರಬೇಡಿ. ಹೊರಗಿನಿಂದ ವಾಲ್ವ್‌ಗೆ ತಿರುಪುವ ಕ್ಯಾಪ್ ಸೆನ್ಸರ್ ಆಗಿದ್ದರೆ ಸಾಮಾನ್ಯವಾಗಿ ಸಿಆರ್1632 ನಾಣ್ಯದ ಬ್ಯಾಟರಿ ಬದಲಿಸಿದರೆ ಸಾಕು.

ಒಳಗಿನ ಸೆನ್ಸರಿನ ನಡವಳಿಕೆ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನಮ್ಮಲ್ಲಿ ಅದು 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ತನ್ನ ಐಡಿ (ಹೆಚ್ಚಿನವುಗಳಲ್ಲಿ ಎಂಟು ಅಂಕಿ-ಅಕ್ಷರ), ಒತ್ತಡ, ಉಷ್ಣಾಂಶ, ಬ್ಯಾಟರಿಯ ಸ್ಥಿತಿ, ಇಷ್ಟನ್ನು ಕಳಿಸುತ್ತದೆ. ಬ್ಯಾಟರಿ ಉಳಿಸಲು ಕಾರು ನಿಂತಾಗ ಮಲಗುತ್ತದೆ. ಸುಮಾರು 25-30 ಕಿ.ಮೀ. ವೇಗ ದಾಟಿದ ಮೇಲೆ ಎಚ್ಚರಗೊಂಡು ನಿಮಿಷಕ್ಕೊಮ್ಮೆ ಹೇಳುತ್ತದೆ. ಗಾಳಿ ದಿಢೀರ್ ಇಳಿದರೆ ಮಾತ್ರ ಕಾಯದೆ ಹೇಳಿಬಿಡುತ್ತದೆ. ಹಾಗಾಗಿ ಬೆಳಗ್ಗೆ ಕಾರು ತೆಗೆದಾಗ ಪರದೆಯಲ್ಲಿ ಬರೀ ಗೆರೆ ಕಂಡರೆ ಅದು ದೋಷವಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯ ಗದ್ದಲದಲ್ಲಿ ತೆವಳಿ ಪರೀಕ್ಷೆ ಮಾಡಿದರೆ ಏನೂ ತಿಳಿಯದು. ಹೆದ್ದಾರಿ 48ಕ್ಕೆ ಹತ್ತಿ ಹತ್ತು ಹದಿನೈದು ನಿಮಿಷ ಒಂದೇ ಹದದಲ್ಲಿ ಓಡಿಸಿ ನೋಡಿ.

ಈಗ ಎಣಿಕೆ. ನಾಲ್ಕೂ ಚಕ್ರ ಒಟ್ಟಿಗೆ ಮೌನವಾದರೆ ನಾಲ್ಕು ಸೆನ್ಸರ್ ಒಂದೇ ದಿನ ಸತ್ತವು ಎಂದು ನಂಬಬೇಡಿ. ಫ್ಯೂಸ್, ರಿಸೀವರ್, ಅದರ ಕನೆಕ್ಟರ್, ಇಲ್ಲವೇ ಅಡ್ಡ ಬರುವ ಗದ್ದಲ. ಹಲವು ಕಾರುಗಳಲ್ಲಿ ಬಾಗಿಲಿನ ರಿಮೋಟ್ ಮತ್ತು ಟೈರ್ ಸೆನ್ಸರ್ ಎರಡಕ್ಕೂ ಕಿವಿ ಒಂದೇ. ರಿಮೋಟ್ ಮೊದಲಿನಷ್ಟೇ ದೂರದಿಂದ ಕೆಲಸ ಮಾಡುತ್ತಿದ್ದರೆ ಆ ಕಿವಿ ನೆಟ್ಟಗಿದೆ. ಹತ್ತಿರ ಬಂದು ಒತ್ತಿದರೆ ಮಾತ್ರ ಬಾಗಿಲು ತೆರೆದರೆ ಸಂಶಯ ಅತ್ತ ತಿರುಗಲಿ. ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸಿದ ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್, ಇನ್ವರ್ಟರ್, ಆಮೇಲೆ ಹಾಕಿಸಿದ ಎಲ್‌ಇಡಿ ಬಲ್ಬು, ಇವೆಲ್ಲ ಇದೇ ತರಂಗದ ಸುತ್ತ ಗಲಾಟೆ ಮಾಡಬಲ್ಲವು. ಎಲ್ಲ ಕಿತ್ತಿಟ್ಟು ಮತ್ತೆ ಓಡಿಸಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ ಎಂಬುದೇ ಸೋಜಿಗ.

ಒಂದೇ ಚಕ್ರ ಮೌನವಾದರೆ ಟಿಪಿಎಂಎಸ್ ಟೂಲ್, ಅಂದರೆ ಟೈರ್ ಸೆನ್ಸರನ್ನು ಹೊರಗಿನಿಂದಲೇ ಓದುವ ಕೈಯುಪಕರಣ ಬೇಕು. ಅದು 125 ಕಿಲೋಹರ್ಟ್ಸ್‌ನಲ್ಲಿ ಸೆನ್ಸರನ್ನು ತಟ್ಟಿ ಎಬ್ಬಿಸುತ್ತದೆ. ಟೂಲನ್ನು ರಿಮ್ಮಿನ ಲೋಹಕ್ಕೆ ಒತ್ತಬೇಡಿ, ವಾಲ್ವ್ ಇರುವ ಕಡೆ ಟೈರಿನ ರಬ್ಬರಿಗೆ ತಾಗಿಸಿ ಹಿಡಿಯಿರಿ. ಮೊದಲು ಚೆನ್ನಾಗಿರುವ ಚಕ್ರದಲ್ಲಿ ಓದಿ, ಟೂಲ್ ಮತ್ತು ಅದರಲ್ಲಿ ಆರಿಸಿದ ಮಾದರಿ-ವರ್ಷ ಸರಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮೌನಿಯ ಬಳಿ ಹೋಗಿ. ಉತ್ತರ ಬರಲಿಲ್ಲವೆಂದರೆ ವಾಲ್ವ್ ಒತ್ತಿ ಸರಕ್ಕನೆ ನಾಲ್ಕೈದು ಪಿಎಸ್‌ಐ ಗಾಳಿ ಬಿಟ್ಟು ನೋಡಿ. ಆಗ ಮಾತಾಡಿದರೆ ಟ್ರಾನ್ಸ್‌ಮಿಟರ್ ಬದುಕಿದೆ, ಎಬ್ಬಿಸುವ ಸುರುಳಿಯೇ ಕಿವುಡಾಗಿದೆ. ಎರಡಕ್ಕೂ ಮೌನವೇ ಉತ್ತರವಾದರೆ ಹೊಸ ಸೆನ್ಸರ್ ಹಾಕಿಸುವ ಮಾತಾಡಬಹುದು.

ಉತ್ತರ ಬಂದರೆ? ಆ ಐಡಿಯನ್ನು ಬರೆದುಕೊಂಡು, ಓಬಿಡಿ (ಕಾರಿನ ದೋಷ ಪತ್ತೆಯ ಸಾಕೆಟ್) ಮೂಲಕ ಕಾರಿನ ನೆನಪಿನಲ್ಲಿರುವ ಐಡಿಯ ಜೊತೆ ಹೋಲಿಸಿ. ಹಳೆಯ ಡಿಸ್ಕ್ (ಚಕ್ರದ ರಿಮ್) ಕೊಂಡು ಹಾಕಿಸಿದ ಕಾರುಗಳಲ್ಲಿ ಇದು ಹೊಂದುವುದೇ ಇಲ್ಲ. ಸೆನ್ಸರ್ ಕೂಗುತ್ತಿದೆ, ಕಾರಿಗೆ ಅದು ಅಪರಿಚಿತ. ಐಡಿ ಹೊಂದಿಯೂ ಕಾರಿಗೆ ಕೇಳಿಸದಿದ್ದರೆ ಆ ಚಕ್ರವನ್ನು ಬೇರೆ ಮೂಲೆಗೆ ಬದಲಿಸಿ. ಚಕ್ರದ ಒಂದೊಂದು ಕೋನದಲ್ಲಿ ಅಲೆ ರಿಸೀವರ್ ತಲುಪದ ಕುರುಡು ಜಾಗಗಳಿರುತ್ತವೆ. ಬಲ ಕುಗ್ಗಿದ ಸೆನ್ಸರ್ ಹತ್ತಿರದ ಮೂಲೆಯಿಂದ ಕೇಳಿಸಿ, ದೂರದಿಂದ ಕೇಳಿಸದೆ ಹೋಗುತ್ತದೆ. ಬದಲಿಸಿದ ಮೇಲೆ ಪರದೆಯ ಜಾಗವನ್ನು ನಂಬಬೇಡಿ, ಐಡಿಯನ್ನು ಹಿಂಬಾಲಿಸಿ.

ಕುತೂಹಲವಿದ್ದವರಿಗೆ ಟೂಲಿಗಿಂತ ಅಗ್ಗದ ದಾರಿ ಒಂದಿದೆ. ಲ್ಯಾಪ್‌ಟಾಪಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್), ಅದಕ್ಕೆ 17 ಸೆಂ.ಮೀ. ತಂತಿಯ ಆಂಟೆನಾ, ಆರ್‌ಟಿಎಲ್_433 ಎಂಬ ಉಚಿತ ತಂತ್ರಾಂಶ. ಪಕ್ಕದ ಸೀಟಿನಲ್ಲಿ ಕೂತವರು ಅದನ್ನು ಹಿಡಿದರೆ ಪರಿಚಿತ ಮಾದರಿಯ ಸೆನ್ಸರುಗಳ ಐಡಿ, ಒತ್ತಡ ಸಾಲುಸಾಲಾಗಿ ಬರುತ್ತವೆ. ನಿಮಿಷಕ್ಕೊಮ್ಮೆ ಬರಬೇಕಾದದ್ದು ಹತ್ತು ನಿಮಿಷಕ್ಕೊಮ್ಮೆ ಬಂದರೂ ಇಲ್ಲಿ ಸಿಕ್ಕಿಬೀಳುತ್ತದೆ. ಪಕ್ಕ ಹಾದುಹೋಗುವ ಕಾರುಗಳ ಐಡಿಯೂ ಬರುತ್ತದೆ, ನಿಮ್ಮ ನಾಲ್ಕನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯ ಇನ್ನೊಂದು ಗೊಂದಲ: ಬಂಕಿನ ಗೇಜ್ 33 ತೋರಿಸುತ್ತದೆ, ಪರದೆ 32. ಸೆನ್ಸರ್ ಕೆಟ್ಟಿಲ್ಲ. ಅದು ಅಳೆಯುವುದು ನಿರಪೇಕ್ಷ ಒತ್ತಡ, ಅಂದರೆ ಹೊರಗಿನ ವಾಯುಭಾರವೂ ಸೇರಿದ್ದು. ಕಾರು ಅದರಿಂದ ಸಮುದ್ರಮಟ್ಟದ ವಾಯುಭಾರ ಕಳೆದು ತೋರಿಸಿದರೆ, ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ, ಅದಕ್ಕಿಂತ ಎತ್ತರದ ಚಿತ್ರದುರ್ಗದಲ್ಲಿ ಒಂದು ಪಿಎಸ್‌ಐಯಷ್ಟು ಕಡಿಮೆ ಕಾಣುತ್ತದೆ. ಬಿಸಿಲಿಗೆ ಟೈರ್ 10 ಡಿಗ್ರಿ ಕಾದರೆ ಒಂದೂವರೆ ಪಿಎಸ್‌ಐ ಏರುವುದೂ ಸಹಜ.

ಬಿಚ್ಚಲೇಬೇಕಾದರೆ, ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಒತ್ತುವ ಯಂತ್ರದ ಹಲಗೆ ವಾಲ್ವ್‌ಗೆ ನೇರ ಎದುರು ಬದಿಯಲ್ಲಿ ಬೀಳಲಿ. ವಾಲ್ವ್ ಬುಡದಲ್ಲೇ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಪುಡಿ. ಪಂಕ್ಚರ್ ದ್ರವ ಹಾಕಿದ್ದರೆ ಸೆನ್ಸರಿನ ಸಣ್ಣ ರಂಧ್ರ ಕಟ್ಟಿರುತ್ತದೆ: ಮಾತು ಬರುತ್ತದೆ, ಒತ್ತಡದ ಅಂಕಿ ಕದಲುವುದಿಲ್ಲ. ಅಲ್ಯೂಮಿನಿಯಂ ವಾಲ್ವ್‌ಗೆ ಹಿತ್ತಾಳೆ ಕೋರ್ (ಗಾಳಿ ತಡೆಯುವ ಒಳಪಿನ್) ಹಾಕಬೇಡಿ, ಎರಡು ಲೋಹ ಕಚ್ಚಿಕೊಂಡು ಬಿಳಿ ಪುಡಿಗಟ್ಟಿ ಸಿಕ್ಕಿಕೊಳ್ಳುತ್ತವೆ; ನಿಕಲ್ ಲೇಪದ್ದೇ ಬೇಕು. ಒಳಗಿನ ಲಿಥಿಯಂ ಬ್ಯಾಟರಿ ಅಂಟಿನಲ್ಲಿ ಹೂತಿರುತ್ತದೆ, ಬದಲಿಸಲೆಂದು ಮಾಡಿದ್ದಲ್ಲ. ಆಯಸ್ಸು ಐದರಿಂದ ಹತ್ತು ವರ್ಷ. ಏಳೆಂಟು ವರ್ಷದ ಕಾರಿನಲ್ಲಿ ಒಂದು ವಯಸ್ಸಾಗಿ ಸತ್ತಿದ್ದರೆ ಉಳಿದ ಮೂರೂ ಅದೇ ವಯಸ್ಸಿನವು. ಹೊಸ ಟೈರ್ ಹಾಕಿಸುವಾಗ ಒಟ್ಟಿಗೆ ಬದಲಿಸುವುದೇ ಜಾಣತನ.

ಹೊಸದನ್ನು ಆನ್‌ಲೈನಿನಲ್ಲಿ ತರಿಸುವಾಗ 315 ಮೆಗಾಹರ್ಟ್ಸ್‌ನದು ಬಂದುಬಿಡದಂತೆ ನೋಡಿ. ಅದು ಅಮೆರಿಕದ ಕಾರುಗಳದ್ದು, ನಮ್ಮ ರಿಸೀವರಿಗೆ ಕೇಳಿಸುವುದೇ ಇಲ್ಲ. ಪ್ರೋಗ್ರಾಮ್ ಮಾಡಬಲ್ಲ ಸೆನ್ಸರ್ ಆದರೆ ಹಳೆಯ ಐಡಿಯನ್ನೇ ಅದಕ್ಕೆ ಬರೆಸಿ, ಕಾರಿಗೆ ಹೊಸದಾಗಿ ಕಲಿಸುವ ಕೆಲಸ ತಪ್ಪುತ್ತದೆ. ಸತ್ತದ್ದರಿಂದ ಐಡಿ ಓದಲಾಗದಿದ್ದರೆ ಕಾರಿನ ನೆನಪಿನಿಂದ ತೆಗೆಯಬಹುದು, ಕೆಲವದರ ಮೈಮೇಲೂ ಅಚ್ಚಾಗಿರುತ್ತದೆ. ಸ್ಟೆಪ್ನಿಯಲ್ಲಿ ಸೆನ್ಸರ್ ಇಲ್ಲದ ಕಾರಿನಲ್ಲಿ ಅದನ್ನು ಹಾಕಿಕೊಂಡು ಓಡಿಸಿದರೆ ಸ್ವಲ್ಪ ಹೊತ್ತಿಗೆ ದೀಪ ಮಿಣುಕುತ್ತದೆ. ಪಂಕ್ಚರ್ ಹಾಕಿಸಿ ಹಳೆಯ ಚಕ್ರ ಏರಿಸಿ, ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿಬಂದರೆ ತಾನೇ ಆರುತ್ತದೆ.